ಅಂಟುಪಟ್ಟಿ

ಮಾರ್ಚ್ ಹನ್ನೊಂದು. ಅಗ್ನಿಶಾಮಕ ಠಾಣೆಯ ಹಾಲು.
ಕೆಂಪು ಗಾಡಿಯನ್ನು ಹೊರಗೆ ಚಳಿಗೆ ಬಿಟ್ಟು
ಒಳಗೆ ಅರವತ್ತು ಕುರ್ಚಿ ಹಾಕಿದ್ದೇವೆ.
ಬಂದವರು ಹತ್ತೊಂಬತ್ತು, ಸೇಬಿನ ಪೈ ತಿನ್ನಲು ಬಂದವರೂ ಸೇರಿ.
ನಾನು ಊರಿನ ಗುಮಾಸ್ತೆ. ನಡಾವಳಿ ಬರೆಯುವುದು ನನ್ನ ಕೆಲಸ,
ಮೊಟ್ಟೆ ಬೇಯಿಸುವ ಗಡಿಯಾರ ತಿರುಗಿಸುವುದೂ:
ತಲೆಗೆ ಮೂರು ನಿಮಿಷ.
ಅಷ್ಟರಲ್ಲಿ ಹಳದಿ ಗಟ್ಟಿಯಾಗುವುದಿಲ್ಲ, ಮಾತು ಆಗಬೇಕು.

ಮೇಜಿನ ಮೇಲೆ ಎರಡು ನಕ್ಷೆ.
ಮೇಲಿನದು ನಮ್ಮದು, ಹಾರ್ಲೋ.
ಇಳಿಜಾರಿಗೆಲ್ಲ ಹಳದಿ: ಮನೆ ಬರಬಹುದು.
ಕೆಳಗಿನದು ವೆಂಡಲ್‌ನವರದು. ಅಲ್ಲಿ ನೀಲಿ: ನೀರು ಬರಬಹುದು.
ವಲಯ ಯೋಜನಾ ಕಚೇರಿಯ ಹುಡುಗ ಎಜ್ರಾ
ಎರಡರ ಅಂಚು ಜೋಡಿಸಿ ಅಂಟುಪಟ್ಟಿ ಒತ್ತಿದ.
ಹೊಳೆ ಕೂಡಲಿಲ್ಲ.
ನಮ್ಮಲ್ಲಿಂದ ಇಳಿದ ಹೊಳೆ ಅವರಲ್ಲಿ ಹೆಬ್ಬೆರಳಷ್ಟು ಪಕ್ಕಕ್ಕಿತ್ತು,
ಕೈಕುಲುಕಲು ಚಾಚಿ ಗಾಳಿ ಹಿಡಿದವರ ಹಾಗೆ.
‘ಅಳತೆಯ ವ್ಯತ್ಯಾಸ’ ಅಂದ. ಕಿವಿ ಕೆಂಪಾಯಿತು.

ಮೊದಲು ಎದ್ದವನು ಆರ್ಮಂಡ್ ಟೀಬೋ, ಹಿಮ ತಳ್ಳುವ ಲಾರಿಯವನು.
ಟೋಪಿ ತೆಗೆದ.
ಇಪ್ಪತ್ತಾರು ಚಳಿಗಾಲ, ಅಂದ,
ಮಿಲ್ ರಸ್ತೆಯ ಹಿಮ ತಳ್ಳುತ್ತ ಹೋಗುತ್ತೇನೆ, ಎಲ್ಲೆಯ ಕಂಬದ ತನಕ.
ಅಲ್ಲಿಗೆ ನನ್ನ ಸಂಬಳ ಮುಗಿಯುತ್ತದೆ. ತಿರುಗಿಸುತ್ತೇನೆ.
ಅವರ ಲಾರಿಯೂ ಆ ಕಡೆಯಿಂದ ಬಂದು ಅಲ್ಲೇ ತಿರುಗುತ್ತದೆ.
ನಡುವೆ ಉಳಿಯುತ್ತದಲ್ಲ ಗುಡ್ಡೆ,
ಫೆಬ್ರುವರಿಗೆ ಆಳೆತ್ತರ, ಈಗ ಲಾರಿಗಿಂತ ಎತ್ತರ,
ಅದಕ್ಕೆ ಯಾವ ಬಣ್ಣ?
ಏಪ್ರಿಲ್‌ನಲ್ಲಿ ಅದು ಯಾವ ಕಡೆ ಹೋಗುತ್ತದೆ ಅನ್ನೋದಕ್ಕೆ
ನಕ್ಷೆ ಬೇಕಿಲ್ಲ.
ಟಿಂಗ್. ಕೂತ.
ಒಂದೇ ಉಸಿರಿಗೆ ಅವನು ಇಷ್ಟು ಮಾತಾಡಿದ್ದನ್ನು
ಅವನ ಹೆಂಡತಿಯೂ ಕೇಳಿರಲಿಲ್ಲ, ಮುಖ ನೋಡಿದರೆ ಗೊತ್ತು.

ಹಿಂದಿನ ಸಾಲಿನಲ್ಲೊಂದು ಕೈ.
ಪಬಿತ್ರಾ ಗಜ್ಮೇರ್. ವೆಂಡಲ್, ಕಾಲುವೆ ಬೀದಿ.
‘ಈ ಊರಿನ ನಿವಾಸಿಯೇ?’ ಅಧ್ಯಕ್ಷರು.
ಅಲ್ಲ.
‘ಕ್ಷಮಿಸಿ. ನಿಯಮ.’

ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಅಂತಾರೆ.
ಇವಳಿದ್ದಲ್ಲಿಗೆ ನೀರೇ ಬಂದಿತ್ತು,
ಎರಡು ವರ್ಷ, ನೆಲಮಾಳಿಗೆಯ ಮೂರನೇ ಮೆಟ್ಟಿಲ ತನಕ;
ಅದು ಬಂದ ದಾರಿ ಹಿಡಿದು ಮೇಲಕ್ಕೆ ಹತ್ತಿ
ಇವಳು ನಮ್ಮೂರಿಗೆ ಬಂದಿದ್ದಳು.
ನೀರಿನ ವಿಳಾಸವನ್ನು ಯಾರೂ ಕೇಳಿರಲಿಲ್ಲ.

ಆಗ ಥೆಲ್ಮಾ ಪೆಲ್ಕಿ,
ಹಳದಿಯ ಪರವಾಗಿ ಮಾತಾಡಲೆಂದೇ ಬಂದ ಮುದುಕಿ
(ಮೊಮ್ಮಗಳಿಗೆ ಮನೆ ಬೇಕು, ಇಲ್ಲಿ ಬಾಡಿಗೆಗೆ ಒಂದು ಗೂಡೂ ಸಿಗುವುದಿಲ್ಲ)
ಬರೆದು ತಂದ ಚೀಟಿಯನ್ನು ನಾಲ್ಕಾಗಿ ಮಡಚಿದಳು:
‘ನನ್ನ ಮೂರು ನಿಮಿಷ ಆಕೆಗೆ ಕೊಡಿ. ಪ್ರೀತಿಗಲ್ಲ.
ಎಲ್ಲಿ ಕಟ್ಟಬಾರದು ಅಂತ ಅವಳಿಗೆ ಗೊತ್ತಿರಬಹುದು.’

ನಿಯಮಪುಸ್ತಕ ತಿರುವಿದರು. ಕೊಡಬಾರದು ಅಂತ ಎಲ್ಲೂ ಇರಲಿಲ್ಲ.
ನಾನು ಗಡಿಯಾರ ತಿರುಗಿಸಿದೆ.
ಸುಳ್ಳೇಕೆ, ತುಸು ಹೆಚ್ಚೇ ತಿರುಗಿಸಿದೆ.

ಅವಳು ಭಾಷಣ ಮಾಡಲಿಲ್ಲ. ಮೇಜಿನ ಬಳಿಗೆ ಬಂದು
ಹೊಳೆ ತಪ್ಪಿದ ಜಾಗದಲ್ಲಿ ಎರಡು ಬೆರಳಿಟ್ಟಳು.
‘ಎರಡೂ ಸರಿಯಾಗಿದೆ.
ಇದು ಆಗಸ್ಟ್‌ನ ಹೊಳೆ. ಇದು ಏಪ್ರಿಲ್‌ನದು.
ನಡುವಿನದು ನನ್ನ ಅಡುಗೆಮನೆ.’

ಉಳಿದ ಸಮಯವೆಲ್ಲ ಗಡಿಯಾರ ಸುಮ್ಮನೆ ಕಿಟಿಕಿಟಿ ಅಂದಿತು.
ಯಾರೋ ಕೆಮ್ಮಿದರು. ಎಜ್ರಾ ಪೆನ್ಸಿಲ್ ಹುಡುಕಿದ,
ಅದು ಅವನ ಕಿವಿಯ ಮೇಲೇ ಇತ್ತು.

ನಿರ್ಣಯ ಏನೂ ಆಗಲಿಲ್ಲ.
‘ಜಂಟಿ ಸಭೆ ಕುರಿತು ಪರಿಶೀಲಿಸುವುದು’ ಅಂತ ಬರೆದೆ.
ಗುಡ್ಡೆಯನ್ನು ಬರೆದೆ, ಅಡುಗೆಮನೆಯನ್ನೂ.
ನಡಾವಳಿಯಲ್ಲಿ ಅಡುಗೆಮನೆ ಇರಬಾರದಂತೆ; ಇರಲಿ.

ಕುರ್ಚಿ ಮಡಚಿದ ಮೇಲೆ ಅಂಟುಪಟ್ಟಿ ಕಿತ್ತೆವು.
ಬರುವಾಗ ಅದು ನಮ್ಮ ಹಳದಿಯ ಒಂದು ಎಳೆ ಎಬ್ಬಿಸಿಕೊಂಡು
ಅವರ ನೀಲಿಯ ಮೇಲೆ ಉಳಿಸಿ ಬಂತು.
ಉಗುರಿನಿಂದ ಕೆರೆದೆ. ಹೋಗಲಿಲ್ಲ.

ವೆಂಡಲ್‌ನವರ ಅಹವಾಲು ಸಭೆ ಮುಂದಿನ ಮಂಗಳವಾರ.
ಅಲ್ಲಿ ನನಗೆ ಮಾತಾಡುವ ಹಕ್ಕಿಲ್ಲ.
ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದೇನೆ.