ತೊಗಟೆ ಸಡಿಲವಾಗುವ ಹದಿನೈದು ದಿನ

ಜೂನ್ ಕೊನೆಗೆ ನಮ್ಮ ಕರೇಲಿಯದಲ್ಲಿ
ರಾತ್ರಿ ಅನ್ನುವುದು ಹೆಸರಿಗೆ ಮಾತ್ರ.
ಹನ್ನೊಂದಾದರೂ ಬೆಳಕು ಸರೋವರದ ಮೇಲೆ
ಎದ್ದು ಹೋಗಲು ಮನಸ್ಸಿಲ್ಲದ ನೆಂಟನಂತೆ ಕೂತಿರುತ್ತದೆ.
ಬರ್ಚ್ ಮರದ ತೊಗಟೆ ಸಡಿಲವಾಗುವುದು ಆಗಲೇ.

ಹದಿನೈದು ದಿನ, ಹೆಚ್ಚೆಂದರೆ ಇಪ್ಪತ್ತು.
ಮೊದಲೇ ಹೋದರೆ ಮರ ಕೊಡುವುದಿಲ್ಲ,
ತಡವಾದರೆ ಹರಿದು ಕೈಗೆ ಚೂರು.
ಅಮ್ಮ ಗೆಣ್ಣಿನಿಂದ ಕಾಂಡ ತಟ್ಟಿ
ಕಿವಿಯಿಟ್ಟು ನಿಲ್ಲುತ್ತಿದ್ದಳು.
ಏನು ಕೇಳಿಸುತ್ತೆ ಅಂದರೆ,
"ನೀನು ಮಾತಾಡ್ತಿರೋದು."

ಬಿಳುಪೆಂದರೆ ಒಂದೇ ಬಿಳುಪು ಅಂದುಕೊಂಡಿದ್ದೆ.
ಬೆಳಗಿನ ಜಾವ ಅದು ಮೊಸರಿನ ಮೇಲೆ ನಿಂತ ನೀರಿನ ಬಣ್ಣ.
ಮಳೆ ಬಿಟ್ಟ ಮೇಲೆ, ಉಗುರಿನ ಬುಡದ ಅರ್ಧಚಂದ್ರ.
ಫೆಬ್ರವರಿಯಲ್ಲಿ ಹಿಮದ ಪಕ್ಕ ನಿಂತಾಗ
ಬಿಳಿಯೇ ಅಲ್ಲ, ಕೆನೆ,
ಕೆನೆಯೊಳಗೆ ಎಲ್ಲೋ ತುಸು ಗುಲಾಬಿ.
ಸವರಿದರೆ ಅಂಗೈಗೆ ಪುಡಿ ಹತ್ತುತ್ತದೆ;
ಶನಿವಾರ ಯಾರು ಯಾವ ಮರಕ್ಕೆ ಒರಗಿದ್ದರೆಂದು
ಭಾನುವಾರ ಕರಿ ಕೋಟು ನೋಡಿ
ಇಡೀ ಚರ್ಚಿಗೆ ತಿಳಿಯುತ್ತದೆ.

ಅರ್ಮಸ್ ಮೇಷ್ಟ್ರು ಶಾಲೆಯಲ್ಲಿ ಹೇಳಿದ್ದರು:
ಚಳಿಗಾಲದ ಹಗಲು ಕಾದು, ಇರುಳು ಹೆಪ್ಪುಗಟ್ಟಿ
ಕರಿಯ ಕಾಂಡ ಸೀಳಿಹೋಗುತ್ತದೆ,
ಬಿಸಿಲನ್ನು ಹೊಸಿಲಿನಿಂದಲೇ ಹಿಂದೆ ಕಳಿಸಲು
ಈ ಮರ ಬೆಳ್ಳಗಿದೆ.
ಓಡಿ ಬಂದು ಅಮ್ಮನಿಗೆ ಒಪ್ಪಿಸಿದೆ.
"ಇರಬಹುದು," ಅಂದಳು, ಚಾಕು ಮಸೆಯುತ್ತ,
"ಓದಿದವರಿಗೆ ಚೆಂದಕ್ಕೂ ಒಂದು ಕಾರಣ ಬೇಕು."

ಅವಳ ಹೆಸರು ಐನಿ.
ಒಂದೂವರೆ ಮೀಟರಿಗೆ ಎರಡು ಬೆರಳು ಕಡಿಮೆ.
ಏಣಿ ಒಯ್ಯುವುದೆಂದರೆ ಅವಮಾನ ಅವಳಿಗೆ:
ಕೈಗೆ ಎಟಕಿದ್ದು ನಮ್ಮದು, ಮಿಕ್ಕಿದ್ದು ಮರದ್ದು.
ತುದಿಗಾಲಲ್ಲಿ ನಿಂತು ಮೇಲಿಂದ ಕೆಳಕ್ಕೆ ಒಂದೇ ಗೀರು.
ಒಳಗಿನ ಕಂದು ಸಿಪ್ಪೆಗೆ ಮೊನೆ ತಾಕಬಾರದು,
ತಾಕಿದರೆ ಮರ ಸಾಯುತ್ತದೆ, ಕೂಡಲೇ ಅಲ್ಲ,
ನಿಧಾನಕ್ಕೆ, ನೀನು ಮರೆತ ಮೇಲೆ.
ಬೆರಳು ತೂರಿಸಿ ಎಳೆದರೆ
ಒದ್ದೆ ಅಂಗಿ ಮೈಬಿಡುವ ಸದ್ದು.
ಕೈಗೆ ಬಂದ ಹಾಳೆ, ಬಿಳುಪನ್ನು ಒಳಗಿಟ್ಟುಕೊಂಡು,
ಹಿಂದುಮುಂದಾಗಿ ಸುರುಳಿ ಸುತ್ತಿಕೊಳ್ಳುತ್ತದೆ.

ಉಪ್ಪಿನ ಡಬ್ಬಿ, ಬ್ರೆಡ್ಡಿನ ಬುಟ್ಟಿ,
ತಮ್ಮ ಉನ್ಟೊಗೆ ಒಂದು ಜೊತೆ ಮೆಟ್ಟು.
ದೋಣಿಯಿಂದ ಬಿದ್ದನಲ್ಲ, ಆ ದಿನ
ಅವನಿಗಿಂತ ಮೊದಲು ಮೆಟ್ಟು ದಡ ಸೇರಿದವು.

ಬಿಚ್ಚಿದ ಜಾಗ ಮತ್ತೆಂದೂ ಬೆಳ್ಳಗಾಗುವುದಿಲ್ಲ.
ಮೊದಲು ಹಸಿ ಕೆಂಪು, ಮರುವರ್ಷ ಕಂದು,
ಆಮೇಲೆ ಕಪ್ಪು, ಒರಟು, ಮರದ ನಡುವಿಗೆ ಪಟ್ಟಿ.
ಮರ ಬೆಳೆಯುವುದು ತುದಿಯಲ್ಲಿ;
ಕಾಂಡದ ಗುರುತು ಇದ್ದಲ್ಲೇ ಇರುತ್ತದೆ.

ಇದು ನನಗೆ ಗೊತ್ತಿತ್ತು. ಆದರೂ
ಅವಳು ಹೋದ ನಾಲ್ಕನೇ ಜೂನಿನಲ್ಲಿ
ಚಾಕು ಹಿಡಿದು ಒಬ್ಬಳೇ ಒಳನಡೆದಾಗ
ಮರ ಮರವೂ ಅಮ್ಮನ ಎತ್ತರ ಹೇಳುತ್ತಿತ್ತು.
ಅಪ್ಪನಂತೆ ಉದ್ದ ನಾನು.
ಅವಳು ತುದಿಗಾಲಲ್ಲಿ ಮುಟ್ಟಿದ ಗೆರೆ
ನನ್ನ ಹುಬ್ಬಿನ ಮಟ್ಟಕ್ಕೆ.

ಜೌಗಿನ ಅಂಚಿನ ಒಂದೇ ಒಂದು ಮರದಲ್ಲಿ
ಕಪ್ಪು ಪಟ್ಟಿ ಒಂದೂವರೆ ಗೇಣು ಮೇಲಿದೆ.
ಸುತ್ತ ಕಲ್ಲಿಲ್ಲ, ಬಿದ್ದ ದಿಮ್ಮಿಯಿಲ್ಲ.
ಪಟ್ಟಿ ಹಳೆಯದು, ಬಹುಶಃ ನನಗಿಂತ.
ಯಾರು ಎತ್ತಿ ಹಿಡಿದಿದ್ದರು ಅವಳನ್ನು?
ಅಪ್ಪ ಸೊಂಟ ಬಗ್ಗಿಸಿದ್ದನ್ನು ಕಂಡವಳಲ್ಲ ನಾನು.
ಅವಳು ನಕ್ಕಿರಬೇಕು. ಗೀರು ಅಲ್ಲಿ ನೆಟ್ಟಗಿಲ್ಲ.

ಆ ಮರವನ್ನು ಬಿಟ್ಟೆ.
ಪಕ್ಕದ್ದರಲ್ಲಿ, ಅವಳ ಕಪ್ಪು ಮುಗಿದ ಕಡೆ
ಎರಡು ಬೆರಳು ಬಿಳುಪು ಉಳಿಸಿ,
ಅದರ ಮೇಲೆ ನನ್ನ ಗೀರು ಎಳೆದೆ.

ಮರಳುವಾಗ ಅಂಗಡಿಯ ಸಿರ್ಕಾ ಕೇಳಿದಳು:
ಇದೇನೇ ಹಿಲ್ಯಾ, ಕೆನ್ನೆಗೆಲ್ಲ ಹಿಟ್ಟು,
ಬ್ರೆಡ್ಡು ಮಾಡ್ತಿದ್ದೆಯಾ ಇಷ್ಟೊತ್ತಲ್ಲಿ?
ಹೂಂ, ಅಂದೆ.