ಎಚ್ಚರಿಕೆಯ ಸಾಲು

‘ಹಳೆಯ ಪ್ರತಿಯನ್ನು ಮರಳಿ ತುಂಬಿಸಿ’
ಅಂತಿತ್ತು ಡೇಟಾಬೇಸಿನ ಕೈಪಿಡಿಯಲ್ಲಿ.
ತುಂಬಿಸಿದೆ.
ಇವತ್ತು ಬರೆದದ್ದೆಲ್ಲ ಅಳಿದುಹೋಗುತ್ತದೆ
ಅಂತ ಯಾರೂ ಹೇಳಿರಲಿಲ್ಲ.

ಹಾಸನದ ಕೋಲ್ಡ್ ಸ್ಟೋರೇಜು. ಬಿತ್ತನೆ ಆಲೂಗಡ್ಡೆ ಇಳಿದ ರಾತ್ರಿ
ಮುನ್ನೂರ ಹನ್ನೆರಡು ಮೂಟೆಗೆ ವಾರಸುದಾರರಿಲ್ಲ.
ಹಮಾಲಿ ಜವರಪ್ಪ ಟಾರ್ಚು ಹಿಡಿದು ಮುಂದೆ ನಡೆದ:
“ಈ ಹೊಲಿಗೆ ದುದ್ದದೋರ್ದು. ಅಡ್ಡಗಂಟು ಶಾಂತಿಗ್ರಾಮದ್ದು.
ಇದಾ? ತಡೀರಿ, ಮೂಸಿ ಹೇಳ್ತೀನಿ.”
ಹಲ್ಲು ಕಟಕಟಿಸುತ್ತ ಬೆಳಗಿನ ತನಕ ಬರೆದುಕೊಂಡೆ.

ಆಮೇಲೆ ಆ ಕೈಪಿಡಿಗೊಂದು ಸಾಲು ಕಳಿಸಿದೆ.
ಮುಖ ಕಾಣದ ಯಾರೋ ‘ಬಹುಶಃ’ ತೆಗೆಯಿರಿ ಎಂದರು,
ಅಳಿಯುವುದು ಖಚಿತ ತಾನೆ?
ಇನ್ನೊಬ್ಬಳು,
ಅಪಾಯ ಮೊದಲು ಬರಲಿ, ಆಜ್ಞೆ ಆಮೇಲೆ;
ಅವಸರದಲ್ಲಿರುವವರು
ಮೊದಲ ಸಾಲಿನಾಚೆ ಓದುವುದಿಲ್ಲ.
ನಾನೂ ಓದಿರಲಿಲ್ಲವೇನೋ.
ಹನ್ನೊಂದು ದಿನ, ಒಂದು ಸಾಲಿಗೆ.
ಈಗ ಅದು ಅಲ್ಲಿದೆ.

“ಎಷ್ಟು ಕೊಟ್ರು ಫರ್ಜಾನಮ್ಮ?”
ಏನಿಲ್ಲ ಎಂದೆ.
ಜವರಪ್ಪ ಬೀಡಿಯನ್ನು ಕಿವಿಗೆ ಸಿಕ್ಕಿಸಿದ.
ಒಳಗೆ ಹೋಗುವಾಗ ಬಗ್ಗಿ,
ಒಡೆದ ಮೂರನೇ ಮೆಟ್ಟಿಲ ಮೇಲೆ
ತಾನೇ ಎಂದೋ ಎಳೆದು ಮಾಸಿದ್ದ
ಸೀಮೆಸುಣ್ಣದ ಅಡ್ಡಗೀಟನ್ನು
ಇನ್ನೊಮ್ಮೆ ತಿದ್ದಿ,
ಮೂಟೆಗೆ ಬೆನ್ನು ಕೊಟ್ಟ.