ಎರಡು ಮರದ ಒಕ್ಕಲು

ತಾರ್ತುವಿನ ಸಂಗ್ರಹಾಲಯದ ಮೂರನೇ ಮಹಡಿ.
ಡ್ರಾಯರು ಎಳೆದರೆ ನುಸಿಗುಳಿಗೆಯ ಘಾಟು,
ಪೊಟ್ಟಣ ಪೊಟ್ಟಣಗಳಲ್ಲಿ ಒಣಗಿದ ಎಲೆ,
ಎಲೆಯ ಮೇಲೊಂದು ಕಲೆ.
ಕಲೆಗೇ ಇಲ್ಲಿ ಮರ್ಯಾದೆ; ಎಲೆ ಬರೀ ತಟ್ಟೆ.

ನನ್ನ ಕೆಲಸ ಸುಲಭ ಎಂದಿದ್ದರು:
ಹೆಸರು, ಆಸರೆಯ ಗಿಡ, ನೆಲೆ, ಕಂಡವರು, ತಾರೀಖು,
ಐದು ಖಾನೆ. ತುಂಬು, ಮುಂದಕ್ಕೆ ಹೋಗು.
ನೆಲೆಯೆಂಬುದನ್ನು ಒತ್ತಿದರೆ ಪಟ್ಟಿ ಇಳಿಯುತ್ತದೆ:
ಬೇರು, ಕಾಂಡ, ತೊಗಟೆ, ಎಲೆ, ಸತ್ತ ಮರ.
ಒಂದನ್ನೇ ಆರಿಸತಕ್ಕದ್ದು.

ಹೆಚ್ಚಿನವು ತಕರಾರು ಮಾಡುವುದಿಲ್ಲ.
ಮೇಪಲ್ ಎಲೆಯ ಮೇಲೆ ಡಾಂಬರು ಸಿಡಿದಂಥದು: ಎಲೆ.
ಬರ್ಚಿನ ಬೊಡ್ಡೆಗೆ ಗೊರಸು ಬಡಿದಂತೆ ಕೂತದ್ದು: ಕಾಂಡ.
ಸ್ಪ್ರೂಸಿನ ಬೇರಿಗೆ ಕೈಗವಸು ತೊಡಿಸಿ
ನೀರು ಕೊಟ್ಟು ಸಕ್ಕರೆ ಇಸಕೊಳ್ಳುವ
ಲೇವಾದೇವಿಯವು: ಬೇರು.
ಇನ್ನು ಕೆಲವು ಎಲೆಯೊಳಗೇ ಇದ್ದು ಉಸಿರೆತ್ತದವು,
ಎಲೆ ಉದುರುವ ತನಕ ಇದ್ದದ್ದೇ ಗೊತ್ತಾಗದವು;
ಅವಕ್ಕೆ ಉರ್ವೆ ಒಂದು ಬೇರೆ ಡ್ರಾಯರು ಇಟ್ಟಿದ್ದಾರೆ,
ಮೇಲೆ ಪೆನ್ಸಿಲ್ಲಿನಲ್ಲಿ: "ಸಭ್ಯರು."

ಫೆಬ್ರವರಿಯಲ್ಲಿ ಎರಡು ಪೊಟ್ಟಣ ಸಿಕ್ಕವು,
ಎರಡು ಕಪಾಟಿನಲ್ಲಿ, ಎರಡು ಹೆಸರಿನಲ್ಲಿ.
ಕೈಬರಹ ಒಂದೇ: ಹಿಂದಕ್ಕೆ ವಾಲಿದ, ಮೇಷ್ಟರ ಅಕ್ಷರ.
ಆರ್ವೆದ್ ಲೆಂಬರ್, ಸಾರೆಮಾ ದ್ವೀಪ,
ಸಾವಿರದೊಂಬೈನೂರ ಮೂವತ್ತಾರು.
ಮೊದಲನೆಯದು ಮೇ, ಮುಳ್ಳೆಲೆಯ ಜುನಿಪರ್ ಕೊಂಬೆ:
"ಮಳೆ ನಿಂತ ಮೇಲೆ ಕಿತ್ತಳೆ ನಾಲಗೆಗಳು. ಮುಟ್ಟಿದರೆ ಲೋಳೆ."
ಎರಡನೆಯದು ಆಗಸ್ಟ್, ಕೆಂಪು ಹಣ್ಣಿನ ರೋವನ್:
"ಎಲೆಯ ಮೇಲೆ ಮೊಟ್ಟೆಹಳದಿಯ ಬೊಟ್ಟು,
ಅಡಿಯಲ್ಲಿ ಕರುವಿನ ಎಳೆಗೊಂಬಿನಂಥದು."
ಆಮೇಲೆ ಚೀಟಿಯ ಬೆನ್ನಿಗೆ, ಒತ್ತೊತ್ತಾಗಿ:
"ಶಾಲೆಯ ಹಿಂದಿನ ಜುನಿಪರಿನಿಂದ ಈ ರೋವನ್ನಿಗೆ
ಮೂವತ್ತೆರಡು ಹೆಜ್ಜೆ.
ಒಂದು ಕೊಂಬೆಗೆ ಏಪ್ರಿಲಿನಿಂದ
ಹೆಂಡತಿಯ ಒಳಲಂಗದ ಬಟ್ಟೆ ಕಟ್ಟಿದ್ದೆ.
ಅದರೊಳಗಿನ ಎಲೆಗೆ ಒಂದೂ ಬೊಟ್ಟಿಲ್ಲ.
ಇವೆರಡೂ ಒಂದೇ ಇರಬಹುದೆ? ದಯವಿಟ್ಟು ತಿಳಿಸಿ."

ಪುಸ್ತಕ ಬಲ್ಲವರಿಗೆ ಅದು ಅವರ ಅಜ್ಜನ ಕಾಲದಿಂದ ಗೊತ್ತು:
ಚಳಿಗಾಲಕ್ಕೆ ಜುನಿಪರಿನ ತೊಗಟೆ, ಬೇಸಿಗೆಗೆ ರೋವನ್ನಿನ ಎಲೆ,
ತವರಲ್ಲೂ ನಿಲ್ಲದ, ಸೇರಿದ ಮನೆಯಲ್ಲೂ ನಿಲ್ಲದ ತುಕ್ಕು,
ನಡುವೆ ದಾರಿಯೆಂದರೆ ಗಾಳಿ.
ಒಂದೊಂದು ಕಾಲದಲ್ಲಿ ಕಂಡವರು ಒಂದೊಂದು ಹೆಸರಿಟ್ಟು
ಎರಡು ಕುಲ ಮಾಡಿ ಕೂರಿಸಿದ್ದರು, ಅಷ್ಟೇ.
ಮೇಷ್ಟರಿಗೆ ಯಾರೂ ಹೇಳಿರಲಿಲ್ಲ.
ಮೊಹರು ಬಿದ್ದಿದೆ, ನಂಬರು ಬಿದ್ದಿದೆ;
ಉತ್ತರ ಹೋದ ಗುರುತಿಲ್ಲ.

ಓದಿ ಹೇಳಿದೆ. ಉರ್ವೆ ಕನ್ನಡಕ ತೆಗೆದರು, ಒರೆಸಲಿಲ್ಲ.
"ಒಳಲಂಗ," ಎಂದರು. "ಹೆಂಡತಿ ಏನಂದಳೋ."

ಆಗಸ್ಟಿನಲ್ಲಿ ಹಡಗು ದಾಟಿ ಹೋದೆವು.
ಶಾಲೆ ಈಗ ಬೇಸಿಗೆಯವರಿಗೆ ಬಾಡಿಗೆ ಮನೆ.
ಯಜಮಾನ ಹೆಲ್ಡೂರ್ ಜುನಿಪರಿನ ತುಂಡಿನಲ್ಲಿ
ಬೆಣ್ಣೆಚಾಕು ಕೆತ್ತುತ್ತ ಕೂತಿದ್ದ.
"ಹಿತ್ತಲಿಗೆ ಹೋಗಿ. ನಾಯಿ ಕಚ್ಚೋದಿಲ್ಲ, ಮಾತು ಜಾಸ್ತಿ."
ಹಳೇ ರೋವನ್ ಇಲ್ಲ.
ಅದರ ಬೊಡ್ಡೆಯೂ ಬೇರೆ ಡ್ರಾಯರಿನವರ ಪಾಲಾಗಿ
ಒತ್ತಿದರೆ ಬೆರಳು ಇಳಿಯುತ್ತದೆ.
ಪಕ್ಕದಲ್ಲಿ, ಹಕ್ಕಿ ಉದುರಿಸಿದ್ದಿರಬೇಕು,
ನನ್ನೆತ್ತರದ ಒಂದು ಸಸಿ. ಮೈತುಂಬ ಬೊಟ್ಟು.

ಉರ್ವೆ ಜುನಿಪರಿನಿಂದ ಹೆಜ್ಜೆ ಎಣಿಸುತ್ತ ಬಂದರು,
ತುಟಿ ಅಲುಗಿಸುತ್ತ, ನೆಟಲ್ ತುಳಿಯುತ್ತ.
ನಲವತ್ತೊಂದು.
"ಮೇಷ್ಟರು ಉದ್ದಕ್ಕಿದ್ದರು," ಎಂದರು.
ತಮ್ಮ ಕಾಲು ಗಿಡ್ಡ ಎನ್ನಲಿಲ್ಲ.

ಹೆಲ್ಡೂರ್ ಮನೆಯಲ್ಲೇ ಕಾಸಿದ ಬಿಯರು ಕೊಟ್ಟ,
ಜುನಿಪರ್ ಕೊಂಬೆಯ ಮೇಲೆ ಸೋಸಿದ್ದು, ಕಾಡಿನ ಕಹಿ.
ಮೆಟ್ಟಿಲ ಮೇಲೆ ಕೂತು ಕಂಪ್ಯೂಟರು ತೆರೆದೆ.
ಹೆಸರು: ಈಗ ಒಂದೇ.
ಕಂಡವರು: ಆರ್ವೆದ್ ಲೆಂಬರ್ ಎಂದು ಬರೆಸಿದರು ಉರ್ವೆ,
"ನಾವು ಬರೀ ಎಣಿಸಲಿಕ್ಕೆ ಬಂದವರು."
ನೆಲೆ: ಪಟ್ಟಿ ಇಳಿಯಿತು.
ಒಂದನ್ನೇ ಆರಿಸತಕ್ಕದ್ದು.

ಉರ್ವೆ ಹುಲ್ಲು ಎತ್ತ ಬಾಗುತ್ತಿದೆಯೆಂದು ನೋಡಿದರು,
ಲೋಟದ ತಳದ ನೊರೆ ಮುಗಿಸಿದರು.
"ಸದ್ಯಕ್ಕೆ ಎಲೆ ಅಂತ ಒತ್ತು.
ಮೇ ತಿಂಗಳಲ್ಲಿ ನೆನಪಿಸು, ತಿದ್ದೋಣ."